ಮಧ್ಯಾಹ್ನಕ್ಕೆ ಏಳುತ್ತಿದ್ದ ಮಿಷನ್ನು

ಆಗಿನ ದಿನಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದು ಪರಿಮಳದಿಂದ ಶುರು ಮಾಡುತ್ತಾರೆ. ಒಬ್ಬರಿಗೆ ಮೊದಲ ಮಳೆಯ ಮಣ್ಣು, ಇನ್ನೊಬ್ಬರಿಗೆ ಅಜ್ಜಿಯ ಟ್ರಂಕಿನಲ್ಲಿದ್ದ ರೇಷ್ಮೆ ಸೀರೆ, ಮತ್ತೊಬ್ಬರಿಗೆ ಒಗ್ಗರಣೆಯ ಇಂಗು. ನನ್ನ ಬಾಲ್ಯಕ್ಕೆ ಇದ್ದದ್ದು ಹದ ಮಾಡಿದ ತೊಗಲಿನ ವಾಸನೆ. ಅದರ ಜೊತೆಗೆ ದಾರಕ್ಕೆ ತಿಕ್ಕುವ ಮೇಣ, ಚಳಿಗಾಲವಾದರೆ ಬೆಂದ ಅವರೆಕಾಯಿ. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಬಹುದು. ಈ ಮೂರೂ ಒಟ್ಟಿಗೆ ಮೂಗಿಗೆ ಬಿದ್ದರೆ ನನಗೆ ಈಗಲೂ ಹಸಿವಾಗುತ್ತದೆ.

ನಮ್ಮದು ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಅಪ್ಪನ ಪೆಟ್ಟಿಗೆ ಅಂಗಡಿ ಇತ್ತು. ಸುತ್ತಲ ಹಳ್ಳಿಗಳಿಂದ ಮೊದಲ ಬಸ್ಸಿಗೆ ಬಂದಿಳಿದ ರೈತರು ಹರಿದ ಚಪ್ಪಲಿಯನ್ನೋ, ಎತ್ತಿನ ಕೊರಳಿನ ಗೆಜ್ಜೆಪಟ್ಟಿಯನ್ನೋ ಅಪ್ಪನ ಮುಂದೆ ಹಾಕುತ್ತಿದ್ದರು. ಗೊಬ್ಬರ, ಬ್ಯಾಂಕು, ಗಿರಣಿ ಎಂದು ಓಡಾಡಿ, ಮಧ್ಯಾಹ್ನದ ಬಸ್ಸು ಹತ್ತುವ ಮೊದಲು ಬಂದು ತೆಗೆದುಕೊಂಡು ಹೋಗುತ್ತಿದ್ದರು. ಅಂದರೆ ಅಪ್ಪನ ಕೆಲಸವೆಲ್ಲ ಬೆಳಗಿನದು. ತೊಗಲು ಕತ್ತರಿಸಲು ಒಂದು ರಂಪಿಗೆ, ತೂತು ಮಾಡಿ ಹೊಲಿಯಲು ಒಂದು ದಬ್ಬಳ, ಮೇಣದ ಉಂಡೆ, ಒಂದು ಮಣೆ. ಅಂಗಡಿ ಎಂದರೆ ಅಷ್ಟೇ.

ಆ ಅಂಗಡಿಯಿಂದ ನನಗೂ ಒಂದು ಲಾಭವಿತ್ತು. ಕುಂಟಾಬಿಲ್ಲೆ ಆಡಲು ಎಲ್ಲ ಹುಡುಗಿಯರೂ ಹೆಂಚಿನ ಚೂರು ಹುಡುಕುತ್ತಿದ್ದರು. ನನ್ನ ಬಿಲ್ಲೆ ಅಪ್ಪ ಹಳೇ ಚಪ್ಪಲಿಯ ಅಟ್ಟೆಯಿಂದ ದುಂಡಗೆ ಕತ್ತರಿಸಿ ಕೊಟ್ಟದ್ದು. ಹೆಂಚಿನ ಚೂರು ಬಿದ್ದು ಜಾರುತ್ತದೆ, ತೊಗಲು ಬಿದ್ದಲ್ಲೇ ಕೂರುತ್ತದೆ. ಎಲ್ಲರಿಗೂ ಅದರ ಮೇಲೆ ಆಸೆ. ಆದರೆ ಅದನ್ನು ಕೈಯಲ್ಲಿ ಮುಟ್ಟಬಾರದೆಂದು ಕೆಲವರಿಗೆ ಮನೆಯಲ್ಲಿ ಹೇಳಿದ್ದರು. ಮುಟ್ಟಬೇಡಿ, ನನಗೇನು, ನಾನು ಆಟವಾಡಿ ಗೆದ್ದುಕೊಂಡು ಮನೆಗೆ ಬರುತ್ತಿದ್ದೆ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಅಪ್ಪನ ಬೆರಳ ಗಂಟುಗಳು ಊದಿಕೊಂಡವು. ದೀಪಾವಳಿ ಕಳೆಯುವಷ್ಟರಲ್ಲಿ ಮುಷ್ಟಿ ಕಟ್ಟಲು ಆಗದಂತಾಯಿತು. ಬಲ ಹಾಕಿ ದಾರ ಎಳೆಯುವ ಕೆಲಸ ಇನ್ನು ಬೇಡ ಎಂದು ಹೊಸದುರ್ಗದ ಡಾಕ್ಟರು ಹೇಳಿ ಕಳಿಸಿದರು. ಅಪ್ಪ ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದ. ಮೂರನೆಯ ದಿನ ಅವ್ವ, ಅಂಗಡಿಯಲ್ಲಿ ಇನ್ನು ಮೇಲೆ ತಾನು ಕೂರುತ್ತೇನೆ ಎಂದಳು.

ಅವ್ವನಿಗೆ ಹೊಲಿಗೆ ಹೊಸದಲ್ಲ. ಓಣಿಯ ಹೆಂಗಸರ ರವಿಕೆಗಳನ್ನು ಕಾಲಲ್ಲಿ ತುಳಿಯುವ ಮಿಷನ್ನಿನಲ್ಲಿ ಹೊಲಿದುಕೊಡುತ್ತಿದ್ದಳು. ಅದು ಕೆಟ್ಟರೆ ತಾನೇ ಬಿಚ್ಚಿ ಸರಿಮಾಡುತ್ತಿದ್ದಳು. ಆದರೆ ಅದು ಬಟ್ಟೆ, ಮನೆಯೊಳಗಿನ ಕೆಲಸ. ಅಪ್ಪ ಎದ್ದು ಕೂತ.

"ಹೆಂಗಸು ಬಸ್ ಸ್ಟ್ಯಾಂಡ್‌ನಾಗೆ ಕುಂತು ಕಂಡೋರ ಮೆಟ್ಟು ಹೊಲಿಯೋದಾ? ನಮ್ಮ ವಂಶದಾಗೇ ಇಲ್ಲ."

"ವಂಶದಾಗೆ ಇಲ್ಲ ಅಂದ್ರೆ ಹೊಟ್ಟೆ ಕೇಳ್ತೈತಾ?" ಎಂದಳು ಅವ್ವ.

ದಬ್ಬಳದಲ್ಲಿ ಅಟ್ಟೆ ಹೊಲಿಯುವಷ್ಟು ತೋಳಿನ ಬಲ ತನಗಿಲ್ಲ ಎಂದು ಅವಳಿಗೂ ಗೊತ್ತಿತ್ತು. ತೊಗಲು ಹೊಲಿಯುವ ಮಿಷನ್ನೇ ಬೇಕು. ಹೊಸದರ ಮಾತು ಎತ್ತುವಂತಿರಲಿಲ್ಲ. ಅಪ್ಪನ ಹತ್ತಿರ ಟಿಕೆಟ್ ಚೀಲದ ಪಟ್ಟಿ ಹೊಲಿಸಿಕೊಳ್ಳುತ್ತಿದ್ದ ಒಬ್ಬ ಕಂಡಕ್ಟರು, ಹಿರಿಯೂರಿನಲ್ಲಿ ಲಾರಿ ಸೀಟು ಹೊಲಿಯುವ ರುದ್ರಣ್ಣ ಎಂಬವನು ಹಳೇ ಮಿಷನ್ನೊಂದನ್ನು ಗುಜರಿಗೆ ಹಾಕುತ್ತಿದ್ದಾನೆ ಎಂದು ಸುದ್ದಿ ತಂದ. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿದ ನನ್ನನ್ನೂ ಕರೆದುಕೊಂಡು ಅವ್ವ ಬಸ್ಸು ಹತ್ತಿದಳು. ಅಪ್ಪ ಬರಲಿಲ್ಲ.

ರುದ್ರಣ್ಣನ ಶೆಡ್ಡು ಹೈವೇ ಪಕ್ಕದಲ್ಲಿತ್ತು. ಹಿಂದೆ ಅವನದೇ ತೆಂಗಿನ ತೋಟ, ಅಂಗಳದ ತುಂಬ ಒಣಗಲು ಹರವಿದ ಕೊಬ್ಬರಿ. ನಾವು ಯಾರೆಂದು ಕೇಳಿ ತಿಳಿದ ಮೇಲೆ ಅವನು ಬಾಗಿಲ ಹೊರಗಿನ ಕಲ್ಲು ತೋರಿಸಿ ಕೂರಲು ಹೇಳಿದ. ಕಲ್ಲಿನ ಮೇಲೆ ಕೂತೇ ನಾನು ಒಳಗೆ ಇಣುಕಿದೆ. ಮೂಲೆಯಲ್ಲಿ ಆ ಮಿಷನ್ನು ನಿಂತಿತ್ತು. ಕಪ್ಪು ಬಣ್ಣ ಅಲ್ಲಲ್ಲಿ ಎದ್ದು, ಮೈಮೇಲೆ ಯಾವುದೋ ದೂರದೇಶದ ಸವೆದ ಚಿನ್ನದ ಅಕ್ಷರ. ಕೆಳಗಿನ ತೋಳು ಉದ್ದಕ್ಕೆ, ಸಣ್ಣಕ್ಕೆ ಚಾಚಿಕೊಂಡಿತ್ತು. ಚಪ್ಪಲಿಯ ಮೂತಿಯೊಳಗೂ ಹೊಕ್ಕು ಹೊಲಿಯಲು ಹಾಗೆ ಮಾಡಿರುತ್ತಾರೆ. ಹಣೆಗೆ ಕುಂಕುಮ ಮೆತ್ತಿ, ಚಕ್ರಕ್ಕೆ ನಿಂಬೆಹಣ್ಣು ಕಟ್ಟಿದ್ದರು.

ರುದ್ರಣ್ಣ ಮೋಸಗಾರನಲ್ಲ, ಅದನ್ನು ಹೇಳಲೇಬೇಕು. ದೋಷವನ್ನು ತಾನೇ ಹೇಳಿದ. ಬೇಸಿಗೆಯಲ್ಲಿ ಮಿಷನ್ನು ಇಡೀ ದಿನ ಕುದುರೆಯಂತೆ ಓಡುತ್ತದೆ, ಚಳಿಗಾಲ ಬಂತೆಂದರೆ ಬೆಳಿಗ್ಗೆ ಕಲ್ಲು. ಚಕ್ರ ಅಲ್ಲಾಡುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ತಾನಾಗಿಯೇ ಏಳುತ್ತದೆ. ಇಬ್ಬರು ಮೆಕ್ಯಾನಿಕ್‌ಗಳು ಮಧ್ಯಾಹ್ನ ಬಂದು ನೋಡಿ, ಏನೂ ಆಗಿಲ್ಲವಲ್ಲ ಎಂದು ಬೈದು ಹೋಗಿದ್ದರಂತೆ. ಅವನ ತಾಯಿ ದೃಷ್ಟಿ ತಾಗಿದೆ ಎನ್ನುತ್ತಿದ್ದಳು. ಗುಜರಿಯ ತೂಕಕ್ಕೆ ಅವ್ವನಿಗೆ ಕೊಟ್ಟ.

ಮಿಷನ್ನನ್ನು ಹೊರಗೆ ಎತ್ತಿ ತರುವಾಗ ಆ ಅಜ್ಜಿ ನಿಜವಾಗಿಯೂ ಕಣ್ಣೊರೆಸಿಕೊಂಡಳು. ಪ್ರತಿ ಆಯುಧಪೂಜೆಗೆ ಮನೆಮಕ್ಕಳಿಗೆ ಮಾಡಿಸುವಂತೆ ಇದಕ್ಕೂ ಎಣ್ಣೆಸ್ನಾನ ಮಾಡಿಸುತ್ತಿದ್ದಳಂತೆ. ನಮ್ಮ ತೋಟದ್ದು, ನಮ್ಮ ಗಾಣದ್ದು ಬಿಟ್ಟರೆ ಬೇರೆ ಎಣ್ಣೆಯ ಒಂದು ತೊಟ್ಟೂ ಇದಕ್ಕೆ ಹಾಕಿಲ್ಲ, ವರ್ಷವಿಡೀ ಅದೇ ಎಂದು ದೂರದಿಂದಲೇ ಅವ್ವನಿಗೆ ಹೇಳಿದಳು. ಅವಳ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ತೊಗಲು ಹೊಲಿಯುವ ಕಬ್ಬಿಣ ಒಳಗೆ ಕುಂಕುಮ ಇಟ್ಟುಕೊಂಡು ನಿಲ್ಲುವುದು, ತೊಗಲು ಹೊಲಿಯುವ ಮನುಷ್ಯರು ಹೊರಗೆ ಕಲ್ಲಿನ ಮೇಲೆ ಕೂರುವುದು, ಇದು ಹತ್ತು ವರ್ಷದ ನನಗೂ ಕಂಡಿತು. ಸಿಟ್ಟೂ ಬಂತು. ಬಸ್ಸಿನಲ್ಲಿ ಅವ್ವನನ್ನು ಕೇಳಿದೆ.

"ನೋಡ್ಕಂಡೆ ಅಲ್ವಾ," ಎಂದಳು ಅವ್ವ. "ಮರೀಬ್ಯಾಡ. ಅಷ್ಟು ಸಾಕು."

ಹೊಸದುರ್ಗದಲ್ಲಿ ಬಸ್ಸು ಬದಲಿಸಿ, ಎರಡು ಸಲ ಲಗೇಜು ಚೀಟಿ ಹರಿಸಿಕೊಂಡು, ಮಿಷನ್ನು ಮನೆಗೆ ಬಂತು. ಮಾರನೆಯ ಬೆಳಿಗ್ಗೆ ಅವ್ವ ಚಕ್ರಕ್ಕೆ ಕೈ ಹಾಕಿದಳು. ಅಲ್ಲಾಡಲಿಲ್ಲ. ಮಧ್ಯಾಹ್ನ ಕೈಹಾಕಿದರೆ ಗರಗರ ಸುತ್ತಿ, ಅಟ್ಟೆಯ ತುಂಡನ್ನು ಹಲ್ಲು ಕಚ್ಚಿದ ಹಾಗೆ ಹೊಲಿಯಿತು. ಮೂರು ದಿನ ಹೀಗೇ ಆಯಿತು. ಅಪ್ಪ ಬಾಯಿಬಿಟ್ಟು ನಗಲಿಲ್ಲ, ಆದರೆ ರೈತರೆಲ್ಲ ಬಸ್ಸು ಹತ್ತಿ ಹೋದ ಮೇಲೆ ಇದು ಎದ್ದು ಯಾರಿಗೆ ಹೊಲಿಯುತ್ತದೆ ಎಂದು ಕೇಳಿದ. ಕೇಳಿದ್ದು ಸರಿಯಾಗಿಯೇ ಇತ್ತು. ಕೊನೆಗೆ ಅವರಿಬ್ಬರ ನಡುವೆ ಒಂದು ಒಪ್ಪಂದವಾಯಿತು. ಸಂಕ್ರಾಂತಿಯೊಳಗೆ ಮೊದಲ ಬಸ್ಸಿನ ಹೊತ್ತಿಗೆ ಈ ಮಿಷನ್ನು ಹೊಲಿದರೆ ಅವ್ವ ಅಂಗಡಿಯಲ್ಲಿ ಕೂರಬಹುದು. ಇಲ್ಲದಿದ್ದರೆ ಮಿಷನ್ನು ಮತ್ತೆ ಗುಜರಿಗೆ, ಅವ್ವ ಕೂಲಿಗೆ, ಅಂಗಡಿಯ ಜಾಗ ಬೇರೆಯವರಿಗೆ.

ಓಣಿಯವರಿಗೆ ಒಳ್ಳೇ ಕಾಲಕ್ಷೇಪವಾಯಿತು. ಮಿಷನ್ನಿನ ಮುಖವನ್ನು ಪೂರ್ವಕ್ಕೆ ತಿರುಗಿಸು ಎಂದು ಒಬ್ಬರು, ನಿಂಬೆಹಣ್ಣು ಬಿಚ್ಚಿದ್ದೇ ತಪ್ಪು ಎಂದು ಇನ್ನೊಬ್ಬರು. ಅವ್ವ ತನಗೆ ತಿಳಿದ ತಿರುಪುಗಳನ್ನೆಲ್ಲ ತಿರುಗಿಸಿದಳು. ತೊಗಲನ್ನು ಅದುಮಿ ಹಿಡಿಯುವ ಕಾಲಿನ ಸ್ಪ್ರಿಂಗ್ ಸಡಿಲಿಸಿದಳು, ದಾರದ ಬಿಗಿ ಇಳಿಸಿದಳು, ಸೂಜಿ ಬದಲಿಸಿದಳು. ಮಿಷನ್ನು ಬೆಳಿಗ್ಗೆ ಕಲ್ಲು, ಮಧ್ಯಾಹ್ನ ಕುದುರೆ. ನನಗೆ ಅದರ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಯಾರೂ ಇಲ್ಲದಾಗ ಅದರ ಸ್ಟ್ಯಾಂಡಿಗೆ ಒಂದು ಸಲ ಒದ್ದಿದ್ದೆ. ಕಾಲು ನನ್ನದೇ ನೊಂದಿತು.

ಪುಷ್ಯಮಾಸದ ಒಂದು ಬೆಳಿಗ್ಗೆ. ಉಸಿರು ಬಿಟ್ಟರೆ ಹೊಗೆ ಕಾಣುವಷ್ಟು ಚಳಿ. ಅವ್ವ ಒಲೆಯ ಮುಂದೆ ನನ್ನನ್ನು ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಎಣ್ಣೆ ಹಚ್ಚಲು ಬಾಟಲಿ ಬಗ್ಗಿಸಿದರೆ ಎಣ್ಣೆ ಬೀಳಲಿಲ್ಲ. ಚಳಿಗೆ ಬಾಟಲಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಎಲ್ಲರ ಮನೆಯಲ್ಲೂ ಆಗುವುದೇ. ದಿನಾಲೂ ಅದನ್ನು ಒಲೆಯ ಪಕ್ಕ ಇಟ್ಟು ಕರಗಿಸುತ್ತಿದ್ದೆವು. ಆವತ್ತು ಅವ್ವ ಬಾಟಲಿಯನ್ನು ಒಲೆಯ ಪಕ್ಕ ಇಟ್ಟವಳು, ಹಾಗೇ ಅದನ್ನು ನೋಡುತ್ತ ಕೂತಳು. ಆಮೇಲೆ ಬಾಚಣಿಗೆಯನ್ನು ನನ್ನ ತಲೆಯಲ್ಲೇ ಬಿಟ್ಟು ಎದ್ದು ಹೋದಳು. ಪಡಸಾಲೆಯಲ್ಲಿ ಮಿಷನ್ನಿನ ಉದ್ದ ತೋಳಿಗೆ ಮೂಗು ಹಚ್ಚಿ ಮೂಸಿದಳು. ಬೆರಳು ಒತ್ತಿ ನನ್ನ ಮೂಗಿನ ಹತ್ತಿರ ತಂದಳು. ತೆಂಗಿನೆಣ್ಣೆ.

ನಾನು ಆವತ್ತು ಒಂದೇ ಜಡೆಯಲ್ಲಿ ಸ್ಕೂಲಿಗೆ ಹೋದೆ. ಎರಡನೆಯದನ್ನು ಹಾಕಲು ಅವ್ವನಿಗೆ ಪುರುಸೊತ್ತಿರಲಿಲ್ಲ.

ಸಂಜೆ ಬಂದು ನೋಡಿದರೆ ಪಡಸಾಲೆಯ ತುಂಬ ಮಿಷನ್ನಿನ ಭಾಗಗಳು ಗೋಣಿಚೀಲದ ಮೇಲೆ ಹರಡಿದ್ದವು. ಅವ್ವ ತೋಳಿನ ತಗಡು ಬಿಚ್ಚಿದ್ದಳು. ಒಳಗೆ ಹಲ್ಲುಗಳಿರುವ ಒಂದು ಉದ್ದ ಕಡ್ಡಿ ಹಿಂದೆ ಮುಂದೆ ಸರಿದು, ತುದಿಯಲ್ಲಿ ಕೆಳದಾರದ ಶಟಲ್ಲನ್ನು ಆಡಿಸುತ್ತದೆ. ಆ ಹಲ್ಲುಗಳ ಸಂದಿಯಲ್ಲೆಲ್ಲ ಎಷ್ಟೋ ವರ್ಷಗಳ ತೆಂಗಿನೆಣ್ಣೆ, ದಾರದ ಎಳೆ, ರೆಗ್ಜಿನ್ನಿನ ಪುಡಿ ಸೇರಿ ಕಂದು ಬಣ್ಣದ ಅಂಟಾಗಿತ್ತು. ಚಳಿಗೆ ಗಟ್ಟಿ, ಬಿಸಿಲಿಗೆ ಮೆತ್ತಗೆ. ದೃಷ್ಟಿಯೂ ಇಲ್ಲ, ದೆವ್ವವೂ ಇಲ್ಲ. ಆ ಅಜ್ಜಿಯ ಭಕ್ತಿಯೇ ಅದರ ಕೀಲು ಹಿಡಿದುಕೊಂಡಿತ್ತು. ರೇಷನ್ನಿನ ಸೀಮೆಎಣ್ಣೆಯೆಲ್ಲ ಮಿಷನ್ನಿನ ಪಾಲಾಯಿತು. ಅವ್ವ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಹಲ್ಲು ತಿಕ್ಕಿ ತೊಳೆದು, ಒರೆಸಿ, ರವಿಕೆ ಮಿಷನ್ನಿಗೆ ಹಾಕುವ ತೆಳು ಎಣ್ಣೆಯನ್ನು ಹನಿ ಹನಿಯಾಗಿ ಬಿಟ್ಟಳು. ಮರುದಿನ ಬೆಳಿಗ್ಗೆ ಚಕ್ರ ಒಂದು ಬೆರಳಿಗೆ ತಿರುಗಿತು.

ತಿರುಗಿತು, ಆದರೆ ಹೊಲಿಯಲಿಲ್ಲ. ಸೂಜಿ ಇಳಿಯುತ್ತದೆ, ಏಳುತ್ತದೆ, ತೊಗಲಿನಲ್ಲಿ ಬರೀ ತೂತು. ಕೆಳದಾರ ಸಿಕ್ಕುತ್ತಲೇ ಇಲ್ಲ. ಮಧ್ಯಾಹ್ನವಾದರೂ ಎದ್ದು ಹೊಲಿಯುತ್ತಿದ್ದ ಮಿಷನ್ನನ್ನು ಇವಳು ಪೂರ್ತಿ ಕೆಡಿಸಿದಳು ಎಂದ ಅಪ್ಪ. ಸಂಕ್ರಾಂತಿಗೆ ಎಂಟು ದಿನ ಉಳಿದಿತ್ತು. ಐದು ದಿನ ಅವಳು ಎರಡು ಮಿಷನ್ನುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತಳು. ರವಿಕೆ ಮಿಷನ್ನಿನ ಚಕ್ರವನ್ನು ಇಷ್ಟಿಷ್ಟೇ ತಿರುಗಿಸಿ, ಸೂಜಿ ಕೆಳಗೆ ಹೋಗಿ ಒಂದು ಎಳ್ಳುಕಾಳಿನಷ್ಟು ಮೇಲೆದ್ದಾಗ ದಾರ ಕುಣಿಕೆಯಾಗುವುದನ್ನೂ, ಸರಿಯಾಗಿ ಆ ಕ್ಷಣಕ್ಕೆ ಕೆಳಗಿನ ಶಟಲ್ಲಿನ ಮೂತಿ ಆ ಕುಣಿಕೆಯೊಳಗೆ ಹೊಗುವುದನ್ನೂ ನೋಡುವುದು. ಆಮೇಲೆ ಈ ಕಡೆ ತಿರುಗಿ ತೊಗಲಿನ ಮಿಷನ್ನಿನಲ್ಲಿ ಅದನ್ನೇ ಹುಡುಕುವುದು. ಇಲ್ಲಿ ಶಟಲ್ಲು ತಡವಾಗಿ ಬರುತ್ತಿತ್ತು. ಬಸ್ಸು ಹೋದ ಮೇಲೆ ಸ್ಟ್ಯಾಂಡಿಗೆ ಬರುವವರ ಹಾಗೆ ಎಂದು ತನಗೆ ತಾನೇ ಹೇಳಿಕೊಂಡಳು. ತೊಳೆದು ಜೋಡಿಸುವಾಗ ಹಲ್ಲಿನ ಕಡ್ಡಿಯನ್ನು ಒಂದೇ ಒಂದು ಹಲ್ಲು ಆಚೆ ಕೂರಿಸಿದ್ದಳು. ತಪ್ಪು ಅಷ್ಟೇ. ಅದನ್ನು ಕಂಡುಹಿಡಿದಾಗ ಅವಳು ಕೂಗಲಿಲ್ಲ, ಕುಣಿಯಲಿಲ್ಲ. ಒಂದು ಲೋಟ ನೀರು ಕುಡಿದಳು.

ಮಾರನೆಯ ಬೆಳಿಗ್ಗೆ ಕೈಗಾಡಿಯಲ್ಲಿ ಮಿಷನ್ನು ಬಸ್ ಸ್ಟ್ಯಾಂಡಿಗೆ ಹೋಯಿತು. ಸಂಕ್ರಾಂತಿಗೆ ಇನ್ನೂ ಎರಡು ದಿನವಿತ್ತು. ಮಫ್ಲರ್ ಸುತ್ತಿಕೊಂಡು ಮೊದಲ ಬಸ್ಸಿನಿಂದ ಇಳಿದವರು ಪೆಟ್ಟಿಗೆ ಅಂಗಡಿಯಲ್ಲಿ ಹೆಂಗಸು ಕೂತಿದ್ದನ್ನು ನೋಡಿ ಮುಂದೆ ಹೋದರು. ಇಬ್ಬರು ತಿರುಗಿ ಬಂದರು. ಒಬ್ಬ ಅಪ್ಪನಿಗೆ ಹುಷಾರಿಲ್ಲವೇ ಎಂದು ಕೇಳಿದ. ಇನ್ನೊಬ್ಬ ಏನೂ ಕೇಳದೆ ಗೆಜ್ಜೆಪಟ್ಟಿಯನ್ನು ಮುಂದೆ ಹಾಕಿದ. ಅವ್ವ ಹೊಲಿದು ಕೊಟ್ಟಳು. ಅವನು ಎರಡೂ ಕೈಯಲ್ಲಿ ಜಗ್ಗಿ ನೋಡಿದ, ಹೊಲಿಗೆ ಬಿಡಲಿಲ್ಲ. ವಾರದ ಮೇಲೆ ಅಪ್ಪನೂ ರಂಪಿಗೆ ಹಿಡಿದು ಬಂದ. ಅಟ್ಟೆ ಕತ್ತರಿಸುವುದು ಅವನು, ಹೊಲಿಯುವುದು ಅವಳು. ಇದರ ಬಗ್ಗೆ ಅವರಿಬ್ಬರೂ ಮಾತಾಡಿಕೊಂಡದ್ದನ್ನು ನಾನು ಕೇಳಿಲ್ಲ.

ಕತೆ ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೋ ಏನೋ. ಕಂಡಕ್ಟರ ಬಾಯಿಂದ ಸುದ್ದಿ ಹಿರಿಯೂರಿಗೂ ಹೋಯಿತು. ಒಂದು ಭಾನುವಾರ ಬೆಳಗಿನ ಚಳಿಯಲ್ಲೇ ರುದ್ರಣ್ಣ ಮೋಟಾರ್ ಬೈಕಿನಲ್ಲಿ ಬಂದಿಳಿದ. ಸ್ಕೂಲಿಲ್ಲದ್ದರಿಂದ ನಾನೂ ಅಂಗಡಿಯ ಹತ್ತಿರ ಕಡ್ಲೆಕಾಯಿ ಸುಲಿಯುತ್ತ ಕೂತಿದ್ದೆ. ಮಿಷನ್ನು ಬೆಳಿಗ್ಗೆ ಓಡುತ್ತಿರುವುದನ್ನು ಅವನು ನಿಂತು ನೋಡಿದ. ಆಮೇಲೆ ನೇರವಾಗಿ ಅಪ್ಪನಿಗೆ ಹೇಳಿದ. ಇದು ತಮ್ಮ ಮನೆಯಲ್ಲಿ ಪೂಜೆ ಮಾಡಿದ ಮಿಷನ್ನು, ತಾಯಿ ಕೊರಗುತ್ತಿದ್ದಾಳೆ, ತಿಳಿಯದೆ ಕೊಟ್ಟುಬಿಟ್ಟೆ, ಕೊಟ್ಟದ್ದಕ್ಕಿಂತ ಮೇಲೆಯೇ ಕೊಡುತ್ತೇನೆ, ವಾಪಸ್ಸು ಬೇಕು. ಹೆಂಗಸಿಗೆ ಯಾಕೆ ಇಂಥ ಭಾರದ ಮಿಷನ್ನು ಎಂದೂ ಸೇರಿಸಿದ.

ಸಾಹುಕಾರರು ಕೇಳಿದರೆ ಇಲ್ಲ ಎನ್ನುವುದು ಅಪ್ಪನಿಗೆ ಯಾವತ್ತೂ ಬಂದಿಲ್ಲ. ಅವನ ಕೈ ಆಗಲೇ ಮಿಷನ್ನಿನ ಕಡೆ ಹೋಗಿತ್ತು, ಎತ್ತಿ ಕೊಡುವವನ ಹಾಗೆ. ನನ್ನ ಬಾಯಿಯ ಕಡ್ಲೆ ಬಾಯಲ್ಲೇ ಉಳಿಯಿತು. ರೇಷನ್ನಿನ ಸೀಮೆಎಣ್ಣೆ, ಹಲ್ಲು, ಕುಣಿಕೆ ಎಲ್ಲವೂ ಆ ಕೈಯ ಮೇಲೆ ನಿಂತಿತ್ತು.

"ಕುಂತ್ಕಳ್ರಿ ಸಾವ್ಕಾರ್ರೆ," ಎಂದಳು ಅವ್ವ. ತೋರಿಸಿದ್ದು ಅಪ್ಪನ ಪಕ್ಕದ ಮಣೆಯನ್ನು, ಅಂಗಡಿಯ ಒಳಗೆ. "ಮೊದ್ಲು ಮೆಟ್ಟು ಬಿಚ್ರಿ. ಪಟ್ಟಿ ಕಿತ್ತೈತೆ."

ಅವನ ಎಡಗಾಲಿನ ಚಪ್ಪಲಿಯ ಪಟ್ಟಿ ನಿಜವಾಗಿಯೂ ಅರ್ಧ ಬಿಟ್ಟಿತ್ತು. ಅವನು ಮಣೆಯನ್ನು ನೋಡಿದ, ಅಪ್ಪನನ್ನು ನೋಡಿದ, ಬಸ್ಸಿಗೆ ಕಾದವರೆಲ್ಲ ತನ್ನನ್ನು ನೋಡುತ್ತಿರುವುದನ್ನೂ ನೋಡಿದ. ಕೂತ. ಚಪ್ಪಲಿ ಬಿಚ್ಚಿ ಕೊಟ್ಟ. ಅವ್ವ ಅದನ್ನು ಉದ್ದ ತೋಳಿಗೆ ಸಿಕ್ಕಿಸಿ, ಬಲಗೈಯಲ್ಲಿ ಚಕ್ರ ತಿರುಗಿಸುತ್ತ, ಎಡಗೈಯಲ್ಲಿ ಎತ್ತ ಬೇಕಾದರೂ ತಿರುಗುವ ಅದುಮುಗಾಲನ್ನು ಪಟ್ಟಿಯ ಅಂಚಿನುದ್ದಕ್ಕೂ ನೋಡದೆಯೇ ಹೊರಳಿಸುತ್ತ ಹೊಲಿದಳು. ಹೊಲಿಗೆ ಬಳ್ಳಿ ಬರೆದಂತೆ ಸುತ್ತಿ ಬಂತು. ಬರಿಗಾಲನ್ನು ತಣ್ಣನೆಯ ನೆಲದ ಮೇಲಿಟ್ಟುಕೊಂಡು ರುದ್ರಣ್ಣ, ಏನಾಗಿತ್ತು ಇದಕ್ಕೆ ಎಂದು ಮೆಲ್ಲಗೆ ಕೇಳಿದ.

"ನಿಮ್ಮ ಎಣ್ಣೆ ತಲೆಗೆ ಒಳ್ಳೇದು. ಕಬ್ಬಿಣಕ್ಕೆ ಅಲ್ಲ. ಚಳಿಗೆ ಒಳಗೆಲ್ಲ ಹೆಪ್ಪುಗಟ್ಟಿತ್ತು."

ತೆಂಗಿನ ತೋಟದವನಿಗೆ ಅದು ಹೊಳೆಯಲಿಲ್ಲವಲ್ಲ ಎಂಬ ನಾಚಿಕೆಯೋ ಏನೋ, ರುದ್ರಣ್ಣನ ಕಿವಿ ಕೆಂಪಾಗಿತ್ತು. ಆದರೂ ಮಿಷನ್ನನ್ನು ವಾಪಸ್ಸು ಕೊಡಿ ಎಂದು ಮತ್ತೊಮ್ಮೆ ಕೇಳಿದ, ಈ ಸಲ ಅವ್ವನನ್ನೇ.

ಅವ್ವ ದಾರ ಕತ್ತರಿಸಿ ಚಪ್ಪಲಿಯನ್ನು ಅವನ ಕಾಲ ಮುಂದೆ ಇಟ್ಟಳು. "ಕಲ್ಲಾಗಿದ್ದಾಗ ಕೊಟ್ರಿ, ತಗಂಡು ಬಂದೆ. ಈಗ ಎದ್ದೈತೆ. ಎದ್ದಿದ್ದನ್ನ ಕೊಡಲ್ಲ ಸಾವ್ಕಾರ್ರೆ."

ಜೋರಾಗಿ ಹೇಳಲಿಲ್ಲ. ಅಪ್ಪ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡು ಅಟ್ಟೆ ಕತ್ತರಿಸತೊಡಗಿದ. ರುದ್ರಣ್ಣ ಚಪ್ಪಲಿ ಮೆಟ್ಟಿಕೊಂಡು, ಎಲ್ಲರ ಹಾಗೆ ಹೊಲಿಗೆಯ ಕೂಲಿ ಕೊಟ್ಟು ಹೋದ. ನಾನು ಅಷ್ಟು ಖುಷಿಯಾಗಿ ಮತ್ತೆಂದೂ ಕಡ್ಲೆಕಾಯಿ ತಿಂದಿಲ್ಲ.

ಅವ್ವ ಆ ಜಾಗದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕೂತಳು. ಅಪ್ಪ ಹೋದ ಮೇಲೂ ಕೂತಳು. ಕೊನೆಕೊನೆಗೆ ಎತ್ತುಗಳು ಕಡಿಮೆಯಾದವು, ಗೆಜ್ಜೆಪಟ್ಟಿಗಳು ನಿಂತವು. ಅಂಟು ಹಾಕಿ ಒತ್ತಿದ ಚಪ್ಪಲಿಗಳು ಬಂದವು. ಅವು ಹರಿದರೆ ಹೊಲಿಯಲು ಅಂಚೇ ಇರುವುದಿಲ್ಲ, ಎಸೆಯುವುದೇ. ದಿನಕ್ಕೆ ಒಬ್ಬರು ಬಂದರೆ ಹೆಚ್ಚು. ಆಮೇಲೆ ರಸ್ತೆ ಅಗಲ ಮಾಡುವಾಗ ಪೆಟ್ಟಿಗೆ ಅಂಗಡಿಯೂ ಹೋಯಿತು, ಅದರ ಮುಂದಿನ ವರ್ಷ ಅವ್ವನೂ ಹೋದಳು. ಈಗ ಮಿಷನ್ನು ಹೊಳಲ್ಕೆರೆಯಲ್ಲಿ ನನ್ನ ಮನೆಯಲ್ಲಿದೆ. ನಾನು ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಯಾವ ಎಣ್ಣೆ ಎಷ್ಟು ಚಳಿಗೆ ಹೆಪ್ಪುಗಟ್ಟುತ್ತದೆ ಎಂಬ ಪಾಠ ಬಂದರೆ ಎಲ್ಲರಿಗಿಂತ ಚೆನ್ನಾಗಿ ಹೇಳುತ್ತೇನೆ ಎಂಬ ಜಂಬವೂ ಇದೆ.

ಹೋದ ವರ್ಷ ಹೈವೇ ಹೋಟೆಲಿನವರು ಒಬ್ಬರು ಕೇಳಿಕೊಂಡು ಬಂದಿದ್ದರು. ಬಾಗಿಲಲ್ಲಿ ಅಲಂಕಾರಕ್ಕೆ ಇಡಲು, ಮೇಲೊಂದು ಹೂಕುಂಡವಂತೆ. ಓಡದಿದ್ದರೂ ಪರವಾಗಿಲ್ಲ ಎಂದರು. ಓಡುತ್ತದೆ ಎಂದು ಹೇಳಿ ಕಳಿಸಿದೆ.

ಹೇಳಿದ್ದೇನೋ ಹೇಳಿದೆ. ಆದರೆ ಅದನ್ನು ಓಡಿಸುವ ಕೈ ನನ್ನದಲ್ಲ. ಎಡಗೈಯಲ್ಲಿ ನೋಡದೆ ಅದುಮುಗಾಲು ಹೊರಳಿಸುವುದು ನನಗೆ ಬಾರದು. ಎಷ್ಟು ಸಲ ಅವ್ವನನ್ನು ಕೇಳಿದ್ದೆ, ಒಂದು ಸಲ ಕೂರಿಸು, ಒಂದೇ ಒಂದು ಪಟ್ಟಿ ಹೊಲಿಯುತ್ತೇನೆ ಎಂದು. ನೀನು ಓದು, ಎದ್ದೇಳು ಎನ್ನುತ್ತಿದ್ದಳು. ಊರಿನ ಎದುರು, ಗಂಡನ ಎದುರು, ಸಾಹುಕಾರನ ಎದುರು ನಿಂತು ಗೆದ್ದುಕೊಂಡ ಆ ಮಣೆಯ ಮೇಲೆ ಅವ್ವ ನನ್ನನ್ನು ಒಂದು ದಿನವೂ ಕೂರಿಸಲಿಲ್ಲ. ಅವಳು ಯಾಕೆ ಹಾಗೆ ಮಾಡಿದಳೆಂದು ನನಗೆ ಚೆನ್ನಾಗಿ ಗೊತ್ತು. ಒಪ್ಪಲು ಮಾತ್ರ ಇವತ್ತಿಗೂ ತಯಾರಿಲ್ಲ. ಅವಳ ಜೊತೆಗೇ ಹೋದ ಆ ಕೈಚಳಕವನ್ನು ಈ ಮೂರು ತಾಲ್ಲೂಕಿನಲ್ಲಿ ಹುಡುಕಿ ಬಂದಿದ್ದೇನೆ, ಹೇಳಿಕೊಡುವವರು ಒಬ್ಬರೂ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ನಾನೇ ಕೂರುತ್ತೇನೆ. ಹೊಲಿಗೆ ಸೊಟ್ಟ ಬರುತ್ತದೆ. ಬರಲಿ.